ಅರವತ್ತಕ್ಕೆ ಅರಳುಮರಳು ಅಂದೋರು ಯಾರು?

ಶನಿವಾರ ಬೆಳಿಗ್ಗೆ ಎದ್ದು, ಕಾಫಿಗೆ ನೀರಿಟ್ಟು, ತಿಪಟೂರಿಗೆ ಫೋನ್ ಮಾಡೋದು ನಾನು ಈ ದೇಶಕ್ಕೆ ಬಂದ ಲಾಗಾಯ್ತಿನಿಂದ ನಡೆಸಿಕೊಂಡು ಬಂದಿರೋ ವ್ರತ. ನಮಗೆ ಬೆಳಗು, ಅವರಿಗೆ ದೀಪ ಹಚ್ಚೋ ಹೊತ್ತು. ಮೊದಲು ಅಮ್ಮ, ಆಮೇಲೆ ಅಣ್ಣ, ಕೊನೆಗೆ ಅಪ್ಪ. ಅಪ್ಪನ ಪಾಲಿಗೆ ಉಳಿಯೋದು ಎರಡು ನಿಮಿಷ, ಅದರಲ್ಲಿ ಒಂದೂವರೆ ನಿಮಿಷ ಕೊಬ್ಬರಿ ರೇಟು.

2023ರ ಮಳೆಗಾಲದಲ್ಲಿ ಆ ಎರಡು ನಿಮಿಷವೂ ಕೆಟ್ಟುಹೋಯ್ತು. ಆ ವರ್ಷ ನಮ್ಮ ಕಡೆ ಮಳೆ ಕೈಕೊಟ್ಟಿತ್ತು ಅಂತ ಪೇಪರಿನಲ್ಲಿ ಓದಿ "ಮಳೆ ಏನಾದ್ರೂ ಬಂತಾ ಅಪ್ಪಾ?" ಅಂತ ಕೇಳಿದರೆ "ಹೂಂ, ಈಗಷ್ಟೇ ಆಯ್ತು, ಉಪ್ಪಿಟ್ಟು" ಅಂದ್ರು. ನಾನು ನಕ್ಕೆ. ಮುಂದಿನ ವಾರ ಮೊಮ್ಮಗಳ ಸ್ಕೂಲಿನ ಸುದ್ದಿ ಹೇಳಿದರೆ "ಸರಿ ಸರಿ, ಇಡ್ತೀನಿ" ಅಂತ ಫೋನ್ ಅಣ್ಣನ ಕೈಗೆ ಕೊಟ್ಟುಬಿಟ್ಟರು. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟ ಮನುಷ್ಯ. ನಲವತ್ತು ಹುಡುಗರಲ್ಲಿ ಹಿಂದಿನ ಬೆಂಚಿನವನು ಗೊಣಗಿದ್ದೂ ಅವರ ಕಿವಿಗೆ ಬೀಳ್ತಿತ್ತು.

"ಏನಾಗಿದೆಯಣ್ಣಾ ಅಪ್ಪಂಗೆ?" ಅಂದೆ.

"ಎಪ್ಪತ್ತಾರಾಯ್ತು ಕಣೋ. ಅರವತ್ತಕ್ಕೆ ಅರಳುಮರಳು ಅಂತಾರೆ, ಇವರಿಗೆ ಹದಿನಾರು ವರ್ಷ ಲೇಟಾಗಿ ಬಂದಿದೆ. ಸಾಯಂಕಾಲ ಕಟ್ಟೆ ಹತ್ರ ಹೋಗೋದೂ ಬಿಟ್ಟಿದಾರೆ. ಡಾಕ್ಟರಿಗೂ ತೋರಿಸ್ದೆ, ಈ ವಯಸ್ಸಿಗೆ ಇದೆಲ್ಲ ಸಹಜ ಅಂದ್ರು."

ಸಹಜ! ಈ ಒಂದು ಪದದ ಮೇಲೆ ನನಗೆ ಆವತ್ತಿನಿಂದ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ. ಈ ಬರಹ ಅದರ ಮೇಲೇ.

ನಮ್ಮ ಬೀದಿಯ ಕೊನೇ ಮನೆಯಲ್ಲಿ ಒಬ್ಬರು ಅಜ್ಜ ಇದ್ದಾರೆ. ಅಜ್ಜ ಅಂತ ಎದುರಿಗೆ ಅಂದ್ರೆ ಹಿಮ ಎತ್ತೋ ಸಲಿಕೆ ಹಿಡ್ಕೊಂಡು ಅಟ್ಟಿಸಿಕೊಂಡು ಬರ್ತಾರೆ, ಅಷ್ಟು ಗಟ್ಟಿ. ಎಂಬತ್ತು ದಾಟಿದೆ. ವರ್ಷಕ್ಕೊಂದು ಸಲ ಸಣ್ಣದೊಂದು ಸೂಟ್‌ಕೇಸ್ ತಗೊಂಡು ಎರಡು ಮೂರು ದಿನ ಎಲ್ಲಿಗೋ ಹೋಗ್ತಾರೆ. ಮಗಳ ಮನೆಗೇನೋ ಅಂದ್ಕೊಂಡಿದ್ದೆ. ಒಂದು ದಿನ ಕೇಳಿದರೆ "ನನ್ನನ್ನ ಅಳೆಸಿಕೊಂಡು ಬರೋಕೆ" ಅಂದ್ರು. ರಕ್ತ, ಮೂಳೆ, ಕೈ ಹಿಡಿತದ ಬಲ, ನಾನೂರು ಮೀಟರ್ ನಡೆಯೋಕೆ ಎಷ್ಟು ಸೆಕೆಂಡು, ಪದಗಳ ಪಟ್ಟಿ ಕೇಳಿ ಎಷ್ಟು ನೆನಪಿಟ್ಟರು, ಎಲ್ಲಾ. ನಲವತ್ತು ದಾಟಿದಾಗಿನಿಂದ ಹೋಗ್ತಿದ್ದಾರಂತೆ.

ಇದು ಬಾಲ್ಟಿಮೋರ್ ಲಾಂಜಿಟ್ಯೂಡಿನಲ್ ಸ್ಟಡಿ ಆಫ್ ಏಜಿಂಗ್. ಹೆಸರು ಬಾಯಿಗೆ ಸಿಗೋದು ಕಷ್ಟ, ವಿಷಯ ಸುಲಭ. ಒಂದಷ್ಟು ಜನರನ್ನ ಹಿಡಿದು, ಅವರನ್ನೇ ಮತ್ತೆ ಮತ್ತೆ ಕರೆದು, ಬದುಕಿರುವಷ್ಟು ಕಾಲ ಅಳೆಯೋದು. 1958ರಲ್ಲಿ ಶುರುವಾಗಿದ್ದು. ಅಲ್ಲಿವರೆಗೂ ಮುಪ್ಪಿನ ಬಗ್ಗೆ ತಿಳಿಯಬೇಕು ಅಂದ್ರೆ ವಿಜ್ಞಾನಿಗಳು ಹೋಗ್ತಿದ್ದದ್ದು ಆಸ್ಪತ್ರೆಗೆ ಮತ್ತು ವೃದ್ಧಾಶ್ರಮಕ್ಕೆ. ಅಲ್ಲಿ ಮಲಗಿರೋರನ್ನ ನೋಡಿ 'ಮುಪ್ಪು ಅಂದ್ರೆ ಇದು' ಅಂತ ಬರ್ಕೊಳ್ಳೋದು. ಗ್ಯಾರೇಜಿಗೆ ಬಂದ ಕಾರುಗಳನ್ನ ಮಾತ್ರ ನೋಡಿ ಕಾರುಗಳೆಲ್ಲ ಕೆಟ್ಟಿರ್ತವೆ ಅಂದ ಹಾಗೆ! ನೇಥನ್ ಶಾಕ್ ಅನ್ನೋ ವಿಜ್ಞಾನಿಗೆ ಇದು ಸರಿ ಅನ್ನಿಸಿರಲಿಲ್ಲ. ಮನೆಯಲ್ಲಿದ್ದು ಓಡಾಡಿಕೊಂಡಿರೋ ಮಾಮೂಲಿ ಜನ ಬೇಕಿತ್ತು. ಅಷ್ಟರಲ್ಲಿ ಪೀಟರ್ ಅನ್ನೋ ನಿವೃತ್ತ ಡಾಕ್ಟರೊಬ್ಬರು 'ಸತ್ತ ಮೇಲೆ ನನ್ನ ದೇಹ ವಿಜ್ಞಾನಕ್ಕೆ ಕೊಡ್ತೀನಿ' ಅಂತ ಬಂದ್ರಂತೆ. ಸತ್ತ ಮೇಲೆ ಯಾಕೆ, ಬದುಕಿರುವಾಗಲೇ ಬನ್ನಿ ಅಂದ್ರಂತೆ ಇವರು. ಪೀಟರ್ ತಾವೂ ಬಂದು ಸ್ನೇಹಿತರನ್ನೂ ಎಳೆದು ತಂದರು. ಹಾಗೆ ಶುರುವಾದ ಸಾಲಿನಲ್ಲಿ 3000ಕ್ಕೂ ಹೆಚ್ಚು ಜನ ಸೇರಿದ್ದಾರೆ. ಎಂಬತ್ತು ದಾಟಿದವರು ವರ್ಷಕ್ಕೊಮ್ಮೆ, ಅದಕ್ಕಿಂತ ಚಿಕ್ಕವರು ಎರಡೋ ನಾಲ್ಕೋ ವರ್ಷಕ್ಕೊಮ್ಮೆ ಹೋಗಬೇಕು ಅನ್ನೋದು ಅಲ್ಲಿನ ನಿಯಮ.

ಅಜ್ಜನ ಮಾತು ಕೇಳಿ ಬಂದವನು ರಾತ್ರಿ ಕೂತು ಈ ಬಾಲ್ಟಿಮೋರಿನವರು ಬರೆದದ್ದನ್ನೆಲ್ಲ ಹುಡುಕಿ ಓದಿದೆ. ನಾನು ಡಾಕ್ಟರಲ್ಲ, ಸಾಫ್ಟ್‌ವೇರಿನ ಕೂಲಿ. ಆದ್ರೂ ಒಂದು ಲೇಖನ ಓದಿ ಎದ್ದು ಕೂತೆ. 1985ರಲ್ಲಿ ಬಂದದ್ದು, ಕಿಡ್ನಿಯ ಬಗ್ಗೆ. ವಯಸ್ಸಾದಂತೆ ಕಿಡ್ನಿ ರಕ್ತ ಸೋಸೋ ಶಕ್ತಿ ಕಮ್ಮಿಯಾಗುತ್ತೆ ಅನ್ನೋದು ಎಲ್ಲ ಪುಸ್ತಕದಲ್ಲೂ ಇರೋ ಮಾತು. ಬೇರೆ ಕಾಯಿಲೆ ಇಲ್ಲದ 254 ಗಂಡಸರನ್ನ ವರ್ಷಗಟ್ಟಲೆ ಅಳೆದು ನೋಡಿದ್ರೆ ಸರಾಸರಿ ಇಳಿದಿದ್ದು ನಿಜವೇ. ಆದರೆ ಒಬ್ಬೊಬ್ಬರ ಗೆರೆಯನ್ನೂ ಬೇರೆ ಬೇರೆಯಾಗಿ ಎಳೆದು ನೋಡಿದಾಗ, ಮೂರರಲ್ಲಿ ಒಂದು ಪಾಲು ಜನಕ್ಕೆ ಇಳಿದೇ ಇರಲಿಲ್ಲ. ಒಂದು ಸಣ್ಣ ಗುಂಪಿಗಂತೂ ಏರಿತ್ತು!

ಅಂದ್ರೆ ಸರಾಸರಿ ಅನ್ನೋದು ಯಾರ ಮನೆಯಲ್ಲೂ ವಾಸ ಇಲ್ಲ. ಆ ಸರಾಸರಿಯ ಮುದುಕನನ್ನ ಯಾರೂ ನೋಡಿಲ್ಲ, ಆದ್ರೂ ಡಾಕ್ಟರು ನಮ್ಮಪ್ಪನನ್ನ ಅವನ ಪಕ್ಕ ನಿಲ್ಲಿಸಿ 'ಸಹಜ' ಅಂದ್ರು. ಈ ಬಾಲ್ಟಿಮೋರಿನವರು ಇಷ್ಟು ವರ್ಷ ಅಳೆದು ಕಂಡ ದೊಡ್ಡ ಸಂಗತಿಯೂ ಇದೇ, ಎಲ್ಲರೂ ನಡೆಯೋ ಒಂದೇ ಮುಪ್ಪಿನ ದಾರಿ ಅಂತ ಇಲ್ಲ. ಒಬ್ಬನ ಒಳಗೇ ಕಿಡ್ನಿಗೆ ಒಂದು ವಯಸ್ಸು, ಮೂಳೆಗೆ ಒಂದು, ನೆನಪಿಗೆ ಇನ್ನೊಂದು.

ಇಲ್ಲಿ ನಾವೆಲ್ಲ ಮಾಡೋ ಒಂದು ತಪ್ಪು ಹೇಳಿಬಿಡ್ತೀನಿ, ವಿಜ್ಞಾನಿಗಳೂ ದಶಕಗಟ್ಟಲೆ ಮಾಡಿದ್ದೇ. ಒಂದು ದಿನ ನಮ್ಮನೆಗೆ ಹೋಗಿ ಯಾರಿಗೆ ಎಷ್ಟು ಭಾಷೆ ಬರುತ್ತೆ ಅಂತ ಲೆಕ್ಕ ತಗೊಳ್ಳಿ. ಅಣ್ಣನ ಮಗಳಿಗೆ ಕನ್ನಡ, ಇಂಗ್ಲಿಷು, ಹಿಂದಿ ಮೂರು. ಅಣ್ಣನಿಗೆ ಎರಡು. ಅಮ್ಮನಿಗೆ ಒಂದು. ತೀರ್ಮಾನ: ವಯಸ್ಸಾಗ್ತಾ ಆಗ್ತಾ ಮನುಷ್ಯ ಇಪ್ಪತ್ತೈದು ವರ್ಷಕ್ಕೊಂದರಂತೆ ಭಾಷೆ ಮರೀತಾನೆ! ನಗು ಬರುತ್ತಲ್ವಾ? ಆದ್ರೆ ಇಪ್ಪತ್ತರವರಿಗೂ ಎಪ್ಪತ್ತರವರಿಗೂ ಒಂದೇ ದಿನ ಬುದ್ಧಿಯ ಪರೀಕ್ಷೆ ಕೊಟ್ಟು, ಎಪ್ಪತ್ತರವರ ಮಾರ್ಕು ಕಮ್ಮಿ ಬಂತು ಅಂತ ನೋಡಿ 'ಮೂವತ್ತರಿಂದಲೇ ಬುದ್ಧಿ ಇಳಿಯೋಕೆ ಶುರು' ಅಂದಿದ್ದು ಇದೇ ಲೆಕ್ಕದ ಮೇಲೆ. ಎಪ್ಪತ್ತರವರು ಸ್ಕೂಲಿಗೆ ಹೋಗಿದ್ದೇ ಕಮ್ಮಿ, ಅಂಥಾ ಪರೀಕ್ಷೆ ನೋಡಿದ್ದೇ ಇಲ್ಲ ಅನ್ನೋದು ಲೆಕ್ಕಕ್ಕೆ ಬರಲಿಲ್ಲ.

ವಾರ್ನರ್ ಶಾಯಿ ಅನ್ನೋರು ಸಿಯಾಟಲ್‌ನಲ್ಲಿ 1956ರಲ್ಲಿ, ತಾವಿನ್ನೂ ವಿದ್ಯಾರ್ಥಿ, 500 ಜನರನ್ನ ಪರೀಕ್ಷೆ ಮಾಡಿ, ಆಮೇಲೆ ಏಳೇಳು ವರ್ಷಕ್ಕೊಮ್ಮೆ ಸಿಕ್ಕಷ್ಟು ಜನರನ್ನ ಮತ್ತೆ ಮತ್ತೆ ಕರೆದು, ಹೊಸಬರನ್ನೂ ಸೇರಿಸಿಕೊಂಡು ನೋಡಿದರು. ಚಿತ್ರವೇ ಬೇರೆ! ವೇಗ ಬೇಗ ಇಳಿಯುತ್ತೆ, ನಿಜ. ಆದ್ರೆ ಪದಗಳ ಅರ್ಥ, ತರ್ಕ ಇವೆಲ್ಲ ನಡುವಯಸ್ಸಿನವರೆಗೂ ಏರುತ್ತಾ ಹೋಗಿ ಅರವತ್ತರವರೆಗೆ ಹೆಚ್ಚು ಕಮ್ಮಿ ಅಲ್ಲೇ ನಿಲ್ಲುತ್ತೆ. ಎಂಬತ್ತೊಂದರಲ್ಲೂ, ಹಿಂದಿನ ಏಳು ವರ್ಷದಲ್ಲಿ ಖಚಿತವಾಗಿ ಇಳಿದಿದ್ದಾರೆ ಅನ್ನಬಹುದಾದವರು ಅರ್ಧಕ್ಕಿಂತ ಕಮ್ಮಿ. ಅರವತ್ತಕ್ಕೆ ಅರಳುಮರಳು ಅಂದೋರು ಯಾರೋ ಗೊತ್ತಿಲ್ಲ, ಪ್ರಾಸಕ್ಕೋಸ್ಕರ ಅಂದಿರಬೇಕು. ಎಪ್ಪತ್ತಕ್ಕೆ, ಎಂಬತ್ತಕ್ಕೆ ಪ್ರಾಸ ಕೂಡಲಿಲ್ಲ ಪಾಪ.

ಈ ಬೆನ್ನು ಹತ್ತೋ ವಿಧಾನದಲ್ಲೂ ತೂತುಗಳಿವೆ, ಅದನ್ನೂ ಹೇಳಬೇಕು. ಅದೇ ಪರೀಕ್ಷೆ ನಾಲ್ಕು ಸಲ ಬರೆದವನಿಗೆ ಅಭ್ಯಾಸ ಆಗಿರುತ್ತೆ. ಇನ್ನೂ ದೊಡ್ಡದು, ಆರಾಮಾಗಿರೋರು ತಿರುಗಿ ಬರ್ತಾರೆ, ಕಾಯಿಲೆ ಬಿದ್ದವರು, ಸತ್ತವರು ಬರೋದಿಲ್ಲ. ಕೊನೆಗೆ ಉಳಿಯೋರು ಗಟ್ಟಿಗರೇ. 'ನಮ್ಮ ಕಾಲದೋರು ತುಪ್ಪ ಸುರ್ಕೊಂಡು ರಾಗಿಮುದ್ದೆ ತಿಂದು ತೊಂಬತ್ತರವರೆಗೆ ಕಲ್ಲಿನ ಹಾಗಿದ್ರು' ಅಂತ ನಮ್ಮ ದೊಡ್ಡಮ್ಮ ಹೇಳೋದರಲ್ಲೂ ಇದೇ ತೂತು. ಅದೇ ತುಪ್ಪ ತಿಂದು ಐವತ್ತಕ್ಕೇ ಹೋದ ಮೂರು ಜನ ಮೈದುನರು ದೊಡ್ಡಮ್ಮನ ಲೆಕ್ಕದಲ್ಲಿ ಇಲ್ಲ, ಅವರು ಗೋಡೆ ಮೇಲೆ ಫೋಟೋದಲ್ಲಿದ್ದಾರೆ.

ಈ ವಿಷಯದಲ್ಲಿ ನನಗೆ ಅತಿ ಇಷ್ಟವಾದದ್ದು ಮಾತ್ರ ಸ್ಕಾಟ್ಲೆಂಡಿನ ಕಥೆ. 1932ರ ಜೂನ್ 1ನೇ ತಾರೀಖು ಅಲ್ಲಿನ ಸರ್ಕಾರಿ ಶಾಲೆ, ಖಾಸಗಿ ಶಾಲೆ ಅನ್ನದೆ, 1921ರಲ್ಲಿ ಹುಟ್ಟಿದ ಹೆಚ್ಚೂ ಕಮ್ಮಿ ಎಲ್ಲ ಮಕ್ಕಳಿಗೂ, 87,498 ಜನಕ್ಕೆ, ಒಂದೇ ದಿನ ಒಂದೇ ಬುದ್ಧಿಪರೀಕ್ಷೆ ಕೊಟ್ಟರು. 1947ರಲ್ಲಿ ಮತ್ತೆ ಇನ್ನೊಂದು ಸಲ, 1936ರಲ್ಲಿ ಹುಟ್ಟಿದವರಿಗೆ. ಇಡೀ ದೇಶದ ಒಂದು ವಯಸ್ಸಿನ ಮಕ್ಕಳು! ಆ ಮಾರ್ಕಿನ ಲೆಡ್ಜರುಗಳು ಎಡಿನ್‌ಬರೋದಲ್ಲಿ ಧೂಳು ತಿಂತಾ ಬಿದ್ದಿದ್ದವು. 1990ರ ದಶಕದಲ್ಲಿ ಇಯನ್ ಡೀರಿ ಮತ್ತು ಲಾರೆನ್ಸ್ ವಾಲಿ ಅದರ ಬೆಲೆ ತಿಳಿದು ಕೆದಕಿದರು. 1998ರ ಜೂನ್ 1ರಂದು, ಸರಿಯಾಗಿ 66 ವರ್ಷಕ್ಕೆ, ಆಬರ್ಡೀನ್ ಊರಿನ ಮ್ಯೂಸಿಕ್ ಹಾಲ್‌ನಲ್ಲಿ 77ರ ಅಜ್ಜ ಅಜ್ಜಿಯರನ್ನ ಕೂರಿಸಿ ಅದೇ ಪ್ರಶ್ನೆಪತ್ರಿಕೆ ಕೊಟ್ಟರು. ಅದೇ ಸೂಚನೆ, ಅದೇ ಸಮಯ. ನನಗೆ ಆ ಹಾಲಿನಲ್ಲಿ ಅಪ್ಪನ ಹಾಗಿರೋ ಒಬ್ಬರು ಪೆನ್ಸಿಲ್ ಚೂಪು ಮಾಡ್ಕೊಳ್ತಾ ಕೂತಿರೋ ಹಾಗೆ ಕಾಣುತ್ತೆ.

ಹನ್ನೊಂದರಲ್ಲಿ ಮುಂದಿದ್ದೋರು ಎಪ್ಪತ್ತೇಳರಲ್ಲೂ ಬಹುಮಟ್ಟಿಗೆ ಮುಂದಿದ್ದರು. ಬಹುಮಟ್ಟಿಗೆ ಅಂದ್ರೆ, ಮುಪ್ಪಿನಲ್ಲಿ ಜನರ ನಡುವೆ ಕಾಣೋ ವ್ಯತ್ಯಾಸದಲ್ಲಿ ಸುಮಾರು ಅರ್ಧ ಹನ್ನೊಂದರಲ್ಲೇ ಇತ್ತು. ಉಳಿದರ್ಧ ಬದುಕು ಮಾಡಿದ್ದು. ಈ ಹಳೇ ಮಾರ್ಕು ಕೈಯಲ್ಲಿ ಇದ್ದದ್ದಕ್ಕೇ ಒಂದು ತಮಾಷೆಯೂ ಬಯಲಾಯ್ತು. 1936ರವರಲ್ಲಿ 1,091 ಜನರನ್ನ ಎಪ್ಪತ್ತರ ಸುಮಾರಿಗೆ ಹುಡುಕಿ ಮತ್ತೆ ಪರೀಕ್ಷೆ ಮಾಡಿದರು. ಕಾಫಿ ಕುಡಿಯೋರು ಚೆನ್ನಾಗಿ ಮಾಡಿದ್ರು. ಆಹಾ, ಕಾಫಿ ಮೆದುಳಿಗೆ ಒಳ್ಳೇದು ಅಂತ ನಮ್ಮ ಚಿಕ್ಕಮಗಳೂರಿನವರು ಬೋರ್ಡ್ ಹಾಕೋ ಹೊತ್ತಿಗೆ, ಹನ್ನೊಂದರ ಮಾರ್ಕನ್ನ ಪಕ್ಕದಲ್ಲಿಟ್ಟು ನೋಡಿದಾಗ ಆ ಲಾಭ ಕರಗಿಹೋಯ್ತು. ಕಾಫಿ ಅವರನ್ನ ಚುರುಕು ಮಾಡಿರಲಿಲ್ಲ, ಮೊದಲಿಂದ ಚುರುಕಾಗಿದ್ದವರು ಕಾಫಿ ಕುಡೀತಿದ್ರು ಅಷ್ಟೆ. 'ದಿನಾ ಪದಬಂಧ ಬಿಡಿಸಿ, ಮರೆವು ಬರಲ್ಲ', 'ದಿನಾ ಬಾದಾಮಿ ತಿನ್ನಿ' ಅಂತ ವಾಟ್ಸಾಪಿನಲ್ಲಿ ಬರೋ ಸುದ್ದಿಗಳನ್ನ ಓದುವಾಗೆಲ್ಲ ನಾನೀಗ ಕೇಳೋ ಪ್ರಶ್ನೆ ಒಂದೇ, ಇವರು ಮೊದಲು ಹೇಗಿದ್ರು?

ಬುದ್ಧಿ ಹೋಗ್ಲಿ, ಸ್ವಭಾವ? ವಯಸ್ಸಾದಂತೆ ಮುಂಗೋಪ, ಹಠ, ಜಿಪುಣತನ ಜಾಸ್ತಿ ಆಗುತ್ತೆ ಅಂತ ಎಲ್ಲಾ ಸೊಸೆಯರೂ ಹೇಳ್ತಾರೆ. ಬಾಲ್ಟಿಮೋರಿನ ಜನರ ಸ್ವಭಾವವನ್ನ ಅಳೆದ ಕೋಸ್ಟಾ ಮತ್ತು ಮೆಕ್ರೇ ಅನ್ನೋರು ಮೂವತ್ತು ದಾಟಿದ ಮೇಲೆ ಸ್ವಭಾವ ಹೆಚ್ಚೇನೂ ಬದಲಾಗಲ್ಲ ಅಂದ್ರು. ಸಿಡುಕೋ ಮುದುಕ ಸಿಡುಕೋ ಯುವಕನೂ ಆಗಿದ್ದ! ನಮ್ಮ ದೊಡ್ಡಪ್ಪನ ವಿಷಯದಲ್ಲಿ ಇದು ನೂರಕ್ಕೆ ನೂರು ಸತ್ಯ. ಆದರೆ ಸ್ಕಾಟ್ಲೆಂಡಿನವರು ಇದಕ್ಕೂ ಒಂದು ಕೊಕ್ಕೆ ಹಾಕಿದ್ರು. 1947ರ ಮಕ್ಕಳಲ್ಲಿ 1,208 ಜನರ ಬಗ್ಗೆ, ಅವರಿಗೆ ಹದಿನಾಲ್ಕಿದ್ದಾಗ, ಮೇಷ್ಟ್ರುಗಳು ಬರೆದಿಟ್ಟಿದ್ದರು. ಆತ್ಮವಿಶ್ವಾಸ ಹೇಗೆ, ಹಿಡಿದ ಕೆಲಸ ಬಿಡ್ತಾನಾ, ಮನಸ್ಸು ಸ್ಥಿರವಾ, ಹೀಗೆ ಆರು ಗುಣ. ಅವರಲ್ಲಿ 174 ಜನ 77ರ ವಯಸ್ಸಿನಲ್ಲಿ ತಮ್ಮ ಬಗ್ಗೆ ಅದೇ ಗುಣಗಳ ಅಂಕ ಹಾಕಿಕೊಟ್ಟರು, ಅವರನ್ನ ಬಲ್ಲವರೊಬ್ಬರಿಂದಲೂ ಹಾಕಿಸಿದರು. ಈ ಫಲಿತಾಂಶ ಬಂದದ್ದು 2016ರಲ್ಲಿ. ಹದಿನಾಲ್ಕಕ್ಕೂ ಎಪ್ಪತ್ತೇಳಕ್ಕೂ ಸಂಬಂಧ ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ! ಹತ್ತಿಪ್ಪತ್ತು ವರ್ಷ ನೋಡಿದರೆ ಅದೇ ಮನುಷ್ಯ, ಅರವತ್ತು ವರ್ಷ ನೋಡಿದರೆ ಬೇರೆಯವನು. ಮೇಷ್ಟ್ರ ಕಣ್ಣೂ ಎಲ್ಲಾ ಕಂಡಿರುತ್ತೆ ಅಂತಲ್ಲ ಬಿಡಿ. ನಮ್ಮಪ್ಪನೂ ಎಷ್ಟೋ ಹುಡುಗರಿಗೆ 'ನೀನು ಉದ್ಧಾರ ಆಗಲ್ಲ' ಅಂದಿದ್ದಾರೆ, ಅದರಲ್ಲೊಬ್ಬ ಈಗ ತಿಪಟೂರಿನಲ್ಲಿ ಎರಡು ಪೆಟ್ರೋಲ್ ಬಂಕ್ ಇಟ್ಟಿದ್ದಾನೆ.

ಸರಿ, ಅಪ್ಪನ ವಿಷಯಕ್ಕೆ ಬರ್ತೀನಿ. 2023ರ ಡಿಸೆಂಬರಿನಲ್ಲಿ ಮೂರು ವಾರ ರಜ ಹಾಕಿ ಹೋದೆ. ಹಿಂದಿನ ಸಲ ನೋಡಿ ಎರಡು ವರ್ಷ ಆಗಿತ್ತು. ಬೇಕಾದ್ರೆ ನಗಿ, ಪರದೇಶದಲ್ಲಿರೋ ನಮ್ಮಂಥ ಮಕ್ಕಳು ಒಂಥರಾ ಬಾಲ್ಟಿಮೋರಿನ ವಿಜ್ಞಾನಿಗಳೇ. ಎರಡು ವರ್ಷಕ್ಕೊಮ್ಮೆ ಹೋಗಿ ನೋಡ್ತೀವಿ, ಹಿಂದಿನ ಸಲ ಇದ್ದದ್ದಕ್ಕೂ ಈಗಿರೋದಕ್ಕೂ ಹೋಲಿಸ್ತೀವಿ, ಎದೆ ಧಸಕ್ ಅನ್ನುತ್ತೆ. ದಿನಾ ಜೊತೆಗಿರೋ ಅಣ್ಣನಿಗೆ ಅದು ಕಾಣಲ್ಲ, ಮನೇಲಿ ಬೆಳೆಯೋ ಮಗುವಿನ ಎತ್ತರ ಕಾಣದ ಹಾಗೆ. ಇದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಅಣ್ಣ ಅವತ್ತೇ ಮುಖಕ್ಕೆ ಹೊಡೆದ ಹಾಗೆ ಹೇಳಿದ: "ನೀನು ಮೂರು ವಾರ ಇದ್ದು ಸರ್ಟಿಫಿಕೇಟ್ ಬರೆದುಕೊಟ್ಟು ಹೋಗ್ತೀಯ. ರಾತ್ರಿ ಎರಡು ಗಂಟೆಗೆ ಎದ್ದು ಅವರಿಗೆ ಲೈಟ್ ಹಾಕೋನು ನಾನು." ನಾನು ತಲೆ ತಗ್ಗಿಸಿದೆ. ಅವನು ಹೇಳಿದ್ದು ಸರಿ.

ಮೊದಲ ದಿನ ನಾನೂ ಅಣ್ಣನ ಹಾಗೇ ಅಂದ್ಕೊಂಡೆ, ಇವರು ಹೋದ್ರು ಅಂತ. ಮೂಲೆಯ ಕುರ್ಚಿಯಲ್ಲಿ ಸುಮ್ಮನೆ. ಮಾತಾಡಿಸಿದರೆ ಒಂದು ನಗು. ಮೂರನೇ ದಿನ ಅಡಿಗೆಮನೇಲಿ ಮಿಕ್ಸಿ ಓಡ್ತಿರುವಾಗ ಹಿಂದಿನಿಂದ ಕರೆದೆ, ತಿರುಗಲಿಲ್ಲ. ಎದುರಿಗೆ ಹೋಗಿ ಕೂತು ಕರೆಂಟ್ ಬಿಲ್ಲಿನ ಲೆಕ್ಕ ಕೇಳಿದೆ. ಯೂನಿಟ್ಟಿಗೆ ಎಷ್ಟು, ಯಾವ ತಿಂಗಳಿಂದ ದರ ಬದಲಾಯ್ತು, ಹೋದ ವರ್ಷಕ್ಕಿಂತ ಎಷ್ಟು ಜಾಸ್ತಿ, ಬಾಯಲ್ಲೇ ಹೇಳಿದರು. ಅರಳುಮರಳಾದವರು ಹೇಳೋ ಲೆಕ್ಕ ಅಲ್ಲ ಅದು! ಟಿ.ವಿ. ಸೌಂಡು ನೋಡಿದೆ, ಪಕ್ಕದ ಮನೆಯವರಿಗೂ ವಾರ್ತೆ ಪುಕ್ಕಟೆ.

ಕಿವಿ. ಬರೀ ಕಿವಿ.

ತುಮಕೂರಿಗೆ ಕರ್ಕೊಂಡು ಹೋಗಿ ಗಾಜಿನ ಡಬ್ಬಿಯಂಥ ರೂಮಿನಲ್ಲಿ ಕೂರಿಸಿ ಪರೀಕ್ಷೆ ಮಾಡಿಸಿದ್ವಿ. ಎರಡೂ ಕಿವಿ ಮಧ್ಯಮ ಮಟ್ಟಕ್ಕೆ ಇಳಿದಿತ್ತು. ಶಬ್ದ ಕೇಳುತ್ತೆ, ಮಾತು ಬಿಡಿಸಿಕೊಳ್ಳೋಕೆ ಆಗಲ್ಲ, ಅದರಲ್ಲೂ ಸ, ಶ, ಫ ತರದ ಅಕ್ಷರ. ಫೋನಿನಲ್ಲಿ ಮುಖ ಕಾಣಲ್ಲವಲ್ಲ, ಆಗ ಊಹೆ ಮೇಲೆ ಉತ್ತರ. 'ಬಂತಾ' ಅಂದದ್ದು 'ತಿಂಡಿ ಆಯ್ತಾ' ಆಗಿತ್ತು. ಕಟ್ಟೆಗೆ ಹೋಗೋದು ಯಾಕೆ ಬಿಟ್ರಿ ಅಂದೆ. "ಎಲ್ರೂ ನಗ್ತಾರೆ, ಯಾಕೆ ನಗ್ತಿದಾರೆ ಅಂತ ಗೊತ್ತಾಗಲ್ಲ. ನನ್ನ ನೋಡೇ ನಗ್ತಿರಬಹುದು ಅನ್ಸುತ್ತೆ" ಅಂದ್ರು. ವಾಪಸ್ ಬರೋ ದಾರಿಯಲ್ಲಿ ಅಣ್ಣ ಗುಬ್ಬಿ ದಾಟೋವರೆಗೂ ಒಂದು ಮಾತೂ ಆಡಲಿಲ್ಲ.

ಈ ಕಿವಿಯ ಕಥೆಯಲ್ಲೂ ಬಾಲ್ಟಿಮೋರಿನವರ ಕೈಯಿದೆ. 1990ರಿಂದ 94ರ ನಡುವೆ ಅಲ್ಲಿ 639 ಜನರ ಕಿವಿ ಪರೀಕ್ಷೆ ಮಾಡಿ ಇಟ್ಟಿದ್ದರು, ಆಗ ಯಾರಿಗೂ ಮರೆವಿನ ಕಾಯಿಲೆ ಇರಲಿಲ್ಲ. 2008ರವರೆಗೆ ಅವರ ಬೆನ್ನು ಹತ್ತಿದಾಗ 58 ಜನಕ್ಕೆ ಡಿಮೆನ್ಷಿಯಾ ಬಂದಿತ್ತು. ಕಿವಿ ಸ್ವಲ್ಪ ಮಂದ ಇದ್ದವರಿಗೆ ಅದು ಬರೋ ಸಾಧ್ಯತೆ ಸುಮಾರು ಎರಡರಷ್ಟು, ಮಧ್ಯಮ ಮಂದಕ್ಕೆ ಮೂರರಷ್ಟು, ತೀರಾ ಮಂದಕ್ಕೆ ಐದರಷ್ಟು. ಫ್ರಾಂಕ್ ಲಿನ್ ಮತ್ತು ಜೊತೆಗಾರರು 2011ರಲ್ಲಿ ಇದನ್ನ ಪ್ರಕಟಿಸಿದರು. ಕಿವಿ ಮಂದ ಆದದ್ದರಿಂದಲೇ ಮರೆವು ಬಂತು ಅಂತ ಇದರಿಂದ ಹೇಳೋಕಾಗಲ್ಲ, ಎರಡೂ ಜೊತೆಗೆ ಬರೋ ಇನ್ಯಾವುದೋ ಕಾರಣ ಇರಬಹುದು. ಹಾಗಾದ್ರೆ ಮಿಷನ್ ಹಾಕಿ ನೋಡೋಣ ಅಂತ 977 ಜನರ ಮೇಲೆ ಮೂರು ವರ್ಷ ಒಂದು ಪರೀಕ್ಷೆ ಮಾಡಿದ್ರು, 2023ರಲ್ಲಿ ಫಲಿತಾಂಶ ಬಂತು. ಒಟ್ಟು ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ. ಆದರೆ ಮೊದಲೇ ಅಪಾಯ ಹೆಚ್ಚಿದ್ದ ಹಿರಿಯರ ಗುಂಪಿನಲ್ಲಿ, ಮಿಷನ್ ಹಾಕಿದವರ ಬುದ್ಧಿಶಕ್ತಿ ಇಳಿಯೋ ವೇಗ ಶೇಕಡಾ 48ರಷ್ಟು ಕಮ್ಮಿ. ಮತ್ತೆ ಅದೇ ನೋಡಿ, ಸರಾಸರಿಯಲ್ಲಿ ಸೊನ್ನೆ, ಒಳಗೆ ಒಂದು ಗುಂಪಿಗೆ ಬಹಳ.

ನನ್ನ ವಾದ ಇಷ್ಟೇ. 'ವಯಸ್ಸಾಯ್ತು' ಅನ್ನೋದು ಕಾರಣ ಅಲ್ಲ, ತಾರೀಖು. ಅಪ್ಪನ ಲ್ಯಾಬ್ ರಿಪೋರ್ಟ್ ತೆಗೆದು ನೋಡಿದ್ರೆ ಪ್ರತಿಯೊಂದರ ಪಕ್ಕ 'ನಾರ್ಮಲ್ ಇಷ್ಟರಿಂದ ಇಷ್ಟು' ಅಂತ ಇರುತ್ತೆ. ಆ ಅಳತೆ ಊರವರದ್ದು. ಅಪ್ಪನ ಹಿಮೋಗ್ಲೋಬಿನ್ ಹದಿನೈದರಿಂದ ಹದಿಮೂರೂವರೆಗೆ ಇಳಿದರೆ ಊರವರ ಲೆಕ್ಕದಲ್ಲಿ ನಾರ್ಮಲ್ಲೇ, ಅಪ್ಪನ ಲೆಕ್ಕದಲ್ಲಿ ಒಂದೂವರೆ ಎಲ್ಲಿ ಹೋಯ್ತು ಅಂತ ಯಾರೂ ಕೇಳಲ್ಲ. ಕೇಳಬೇಕು ಅಂದ್ರೆ ಹಳೇ ರಿಪೋರ್ಟ್ ಬೇಕು. ನಮ್ಮಲ್ಲಿ ಹಳೇ ರಿಪೋರ್ಟು ಏನಾಗುತ್ತೆ? ಪ್ಲಾಸ್ಟಿಕ್ ಕವರಿನಲ್ಲಿ ಬೀರು ಮೇಲೆ ಸೇರಿ, ಸುಣ್ಣ ಹೊಡೆಸೋವಾಗ ರದ್ದಿಗೆ ಹೋಗುತ್ತೆ. ಮದುವೆಯ ಮುಯ್ಯಿ ಲೆಕ್ಕ ಮಾತ್ರ ನಲವತ್ತು ವರ್ಷದ್ದು ಜೋಪಾನವಾಗಿದೆ.

ಇನ್ನು ಅಮ್ಮನ ವಿಷಯ. ಅಪ್ಪನ ಹಿಂದೆ ಎಲ್ಲರೂ ಓಡಿದ್ವಿ, ಅಮ್ಮನ ಮಂಡಿ ನೋವು 'ಹೆಂಗಸರಿಗೆ ಇದ್ದದ್ದೇ' ಆಗಿ ಉಳಿದಿತ್ತು. ನಾನು ಇಷ್ಟು ಹೊಗಳಿದ ಬಾಲ್ಟಿಮೋರಿನವರೂ ಇಲ್ಲಿ ನಮ್ಮಂಥವರೇ. 1958ರಿಂದ ಇಪ್ಪತ್ತು ವರ್ಷ ಗಂಡಸರನ್ನ ಮಾತ್ರ ಅಳೆದರು. ಹೆಂಗಸರು ಸೇರಿದ್ದು 1978ರಲ್ಲಿ. 1984ರಲ್ಲಿ 'ಮನುಷ್ಯರ ಸಹಜ ಮುಪ್ಪು' ಅನ್ನೋ ಅರ್ಥದ ಹೆಸರಿಟ್ಟು ದಪ್ಪನೆ ವರದಿ ತಂದರು, ಅದರಲ್ಲಿ ಹೆಂಗಸರ ಅಂಕಿ ಅಂಶ ಒಂದೂ ಇರಲಿಲ್ಲ! ಮನುಷ್ಯರ ಅಂತ ಹೆಸರು ಬೇರೆ. ಅಷ್ಟಲ್ಲದೆ ಮೊದಲಿಗೆ ಸೇರಿದವರು ಓದಿದ, ಅನುಕೂಲಸ್ಥ ಬಿಳಿಯರೇ ಹೆಚ್ಚು. ಅವರ ಮುಪ್ಪಿನ ಗೆರೆ ತಂದು ತಿಪಟೂರಿನ ಅಮ್ಮನ ಮೇಲೆ ಇಟ್ಟರೆ ಕೂರುತ್ತಾ?

ಕೂರಲ್ಲ ಅಂತ ಗೊತ್ತಿದ್ದವರು ನಮ್ಮಲ್ಲೂ ಇದ್ದಾರೆ ಅನ್ನೋದು ಸಮಾಧಾನ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ, ನಾವೆಲ್ಲ ಮಿಷನ್ ಆಸ್ಪತ್ರೆ ಅನ್ನೋದು, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಅಲ್ಲಿ 1934ರಿಂದ 1954ರ ನಡುವೆ ಹುಟ್ಟಿದ 517 ಜನರನ್ನ 1990ರ ದಶಕದಲ್ಲಿ ಹುಡುಕಿ ಪರೀಕ್ಷೆ ಮಾಡಿದಾಗ, ಹುಟ್ಟಿದಾಗ ತೂಕ ಕಮ್ಮಿ ಇದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಕಂಡಿತು. ಅರ್ಧ ಶತಮಾನದ ಹಿಂದೆ ಯಾರೋ ಒಬ್ಬ ನರ್ಸಮ್ಮ ತಕ್ಕಡಿ ನೋಡಿ ಬರೆದ ಅಂಕಿ! ಈಗ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿರೋ ಮೆದುಳು ಸಂಶೋಧನಾ ಕೇಂದ್ರದವರು 45 ದಾಟಿದ 10,000 ಜನರ ಬೆನ್ನು ಹತ್ತೋ ಗುರಿ ಇಟ್ಟುಕೊಂಡು ಕೆಲಸ ಶುರು ಮಾಡಿದ್ದಾರೆ. ದೇಶದ ಮಟ್ಟದಲ್ಲೂ 2017-18ರಲ್ಲಿ 72,000ಕ್ಕೂ ಹೆಚ್ಚು ಜನರ ಮೊದಲ ಸುತ್ತು ಆಗಿದೆ. ಆದರೆ ಮೊದಲ ಸುತ್ತು ಸುಲಭ, ದುಡ್ಡು, ಉದ್ಘಾಟನೆ, ಫೋಟೋ ಎಲ್ಲಾ ಇರುತ್ತೆ. ಹತ್ತು ವರ್ಷ ಆದ ಮೇಲೆ ಅದೇ ಮನೆ ಬಾಗಿಲಿಗೆ ನಾಲ್ಕನೇ ಸಲ ಹೋಗೋದು ಕಷ್ಟ. ನನ್ನ ಹೆದರಿಕೆ ಅದೇ.

ಮತ್ತೆ ಕೇಳೋ ಪ್ರಶ್ನೆಗಳೂ ನಮ್ಮವಾಗಿರಬೇಕು. ಜಗತ್ತಿನಾದ್ಯಂತ ಮರೆವು ಪತ್ತೆಗೆ ಕೇಳೋ ಮಾಮೂಲಿ ಪ್ರಶ್ನೆ, ಇವತ್ತು ತಾರೀಖು ಎಷ್ಟು? ನಮ್ಮಜ್ಜಿಗೆ ಇಪ್ಪತ್ತರಲ್ಲೂ ತಾರೀಖು ಗೊತ್ತಿರಲಿಲ್ಲ. ಏಕಾದಶಿ ಯಾವತ್ತು, ಯಾವ ಮಳೆ ಹುಟ್ಟಿದೆ, ಯಾವ ಹಸು ಎಷ್ಟನೇ ತಿಂಗಳು ಅನ್ನೋದನ್ನ ಎಂಬತ್ತೆಂಟರಲ್ಲೂ ನಿದ್ದೆಗಣ್ಣಿನಲ್ಲಿ ಹೇಳೋರು. ತಾರೀಖು ಕೇಳಿದ್ದಿದ್ರೆ ಫೇಲು. ಹರಿಯಾಣದ ಬಲ್ಲಭಗಢದಲ್ಲಿ ಓದು ಬರಹ ಬಾರದವರಿಗೆ ಹೊಂದೋ ಹಾಗೆ ಈ ಪರೀಕ್ಷೆಯನ್ನ ಹಿಂದಿಯಲ್ಲಿ 1990ರ ದಶಕದಲ್ಲೇ ತಿದ್ದಿ ಬರೆದಿದ್ದಾರೆ. ಬುದ್ಧಿವಂತರು.

ಅಪ್ಪನಿಗೆ ಮಿಷನ್ ಬಂತು. ಬೆಲೆ ಅಣ್ಣನ ಹಳೇ ಸ್ಕೂಟರಿಗಿಂತ ಹೆಚ್ಚು, ಅದನ್ನ ಅಪ್ಪನಿಗೆ ಹೇಳಿಲ್ಲ. ಎಲ್ಲಾ ಸರಿಹೋಯ್ತು ಅಂತ ಬರೆದ್ರೆ ಸುಳ್ಳಾಗುತ್ತೆ. ಮೊದಲ ತಿಂಗಳು "ಕಿವಿಯೊಳಗೆ ಇರುವೆ ಸಾಲು ಹೋದ ಹಾಗಾಗುತ್ತೆ" ಅಂತ ಡ್ರಾಯರಿಗೆ ಹಾಕಿಟ್ಟಿದ್ದರು. ಅತ್ತಿಗೆ ದಿನಾ ಬೆಳಿಗ್ಗೆ ಕಾಫಿ ಲೋಟದ ಜೊತೆ ಅದನ್ನೂ ತಂದಿಡೋಕೆ ಶುರು ಮಾಡಿದ ಮೇಲೆ ಹಾಕ್ಕೊಳ್ತಾರೆ. ಹೆಸರುಗಳು ಮರೀತಾರೆ, ಅದು ಕಿವಿಯಿಂದಲ್ಲ, ನಿಜವಾಗ್ಲೂ ಮರೀತಾರೆ. ನಡಿಗೆ ನಿಧಾನ ಆಗಿದೆ. ಅದರಲ್ಲಿ ಎಷ್ಟು ವಯಸ್ಸಿನದು, ಎಷ್ಟು ಬೇರೆಯದು ಅಂತ ತಿಳಿಯೋಕೆ ನಮ್ಮ ಹತ್ರ ಹಿಂದಿನದು ಏನೂ ಬರೆದಿಟ್ಟಿದ್ದಿಲ್ಲ. ಈಗ ಅಣ್ಣನ ಮಗಳು ಒಂದು ಇನ್ನೂರು ಪೇಜಿನ ನೋಟ್‌ಬುಕ್ ಇಟ್ಟಿದ್ದಾಳೆ. ತಾತ, ಅಜ್ಜಿ ಇಬ್ಬರದ್ದೂ. ತೂಕ, ಬಿ.ಪಿ., ಗೇಟಿನಿಂದ ಕಟ್ಟೆವರೆಗೆ ನಡೆಯೋಕೆ ಎಷ್ಟು ನಿಮಿಷ. ಅಮ್ಮನ ಮಂಡಿಗೂ ಒಂದು ಕಾಲಂ.

ಹೋದ ಶನಿವಾರ ಅಪ್ಪನ ಎರಡು ನಿಮಿಷ ಹನ್ನೊಂದು ನಿಮಿಷ ಆಯ್ತು. ಕೊಬ್ಬರಿ ರೇಟು ಮುಗಿದ ಮೇಲೆ ಕೇಳಿದ್ರು, "ನಿನ್ನ ಕಿವಿ ತೋರಿಸ್ಕೊಂಡ್ಯೇನೋ? ನನಗೂ ನಲವತ್ತೆಂಟಕ್ಕೇ ಶುರುವಾಗಿರಬೇಕು ಅನ್ನಿಸುತ್ತೆ, ಯಾರಿಗೂ ಹೇಳಿರ್ಲಿಲ್ಲ."

ನನಗೀಗ ನಲವತ್ತೇಳು. ಅಡಿಗೆಮನೆಯಿಂದ ನನ್ನ ಹೆಂಡತಿ ಏನೋ ಅಂದಳು, ಸರಿಯಾಗಿ ಕೇಳಲಿಲ್ಲ. ಸೋಮವಾರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ.